ಮಂಚಮ್ಮ ತುಂಬಿಕೊಟ್ಟ ಬಾಟಲಿ

ಮಂಚಮ್ಮನಿಗೆ ಹೊಳೆಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತೆಂದು ಕೇಳಿ ನಮ್ಮ ಬೀದಿಯೇ ಬಾಯಿ ಬಿಟ್ಟಿತ್ತು. ಸರ್ಕಾರಿ ಅಂದರೆ ದಿನಗೂಲಿಯೇ. ನಂಜನಗೂಡಿನ ಕೆಳಗೆ ದೊಡ್ಡ ಚರಂಡಿ ಕಪಿಲೆಗೆ ಸೇರುವ ಕಡೆ, ಎಷ್ಟೋ ವರ್ಷದಿಂದ ಕರಿ ಕೆಸರು ಕೂತು ಹೊಳೆಯ ತಳವೇ ಮೇಲೆದ್ದಿತ್ತು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅದನ್ನು ಎತ್ತಲು ತೇಲುವ ಮೆಷಿನ್ನು ಬಂತು. ಕೆಸರು ಕೆದಕಿದರೆ ಅದರೊಳಗಿನ ವಿಷ ನೀರಿಗೆ ಬಿಡುತ್ತದಂತೆ. ಅದಕ್ಕೇ ಹೊಳೆ ತಿರುಗುವ ಕಡೆಯಿಂದ ಬೆಳಿಗ್ಗೆ ಸಂಜೆ ಬಾಟಲಿಯಲ್ಲಿ ನೀರು ತಂದುಕೊಡಬೇಕು. ದಡದ ಶೆಡ್ಡಿನಲ್ಲಿ ಕೂತ ಅರ್ಪಿತ ಎಂಬ ಹುಡುಗಿ ಅದನ್ನು ದೀಪದ ಪೆಟ್ಟಿಗೆಯಲ್ಲಿಟ್ಟು ಎಷ್ಟು ಕದಡಿದೆ ಎಂದು ನೋಡುತ್ತಾಳೆ. ಮಿತಿ ಮೀರಿದರೆ ಮೆಷಿನ್ನು ನಿಲ್ಲಬೇಕು.

ನೀರು ತರುವುದು ಮಂಚಮ್ಮನ ಕೆಲಸ. ತೆಪ್ಪ ಹಾಕುವವನು ದೊಡ್ಡಮಾದಯ್ಯ.

ಮಂಚಮ್ಮ ನೀರಿನ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಕಾಲರಾ ಬಂದ ವರ್ಷ ನರ್ಸಮ್ಮ ಬಂದು ಸೋಸಿ ಕುಡಿಯಿರಿ ಎಂದು ಹೇಳಿಹೋದದ್ದನ್ನು ಉಳಿದವರೆಲ್ಲ ಮರೆತರೂ ಅವಳು ಮರೆಯಲಿಲ್ಲ. ಇನ್ನೊಂದು ಮಾತೂ ಇದೆ. ಮೇಲಿನ ಬೀದಿಯವರು ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡವರಲ್ಲ. ಲಿಂಗ ಕಟ್ಟಿದ ಮನೆಯ ಆ ಅರ್ಪಿತ ಮಾತ್ರ ಮೊದಲ ದಿನವೇ ಕೈಚಾಚಿ ಬಾಟಲಿ ತೆಗೆದುಕೊಂಡು, "ಥ್ಯಾಂಕ್ಸ್ ಮಂಚಮ್ಮ" ಅಂದಳಂತೆ. ಅವತ್ತು ಮಂಚಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿ ಅದನ್ನೇ ಹೇಳಿದಳು.

ದಿನ ಕಳೆದಂತೆ ಅವಳ ಸೆರಗಿನ ತುದಿ ಕಪ್ಪಾಯಿತು. ಒಗೆದರೂ ಹೋಗಲಿಲ್ಲ. ದೊಡ್ಡಮಾದಯ್ಯ ರೇಗಿಸುತ್ತಿದ್ದ.

"ಏನಮ್ಮೀ, ಒಳೇಲಿರೋ ಕೆಸರ್ನೆಲ್ಲ ಸೀರೆಗೇ ಉಯ್ಕೊಂಡ್ ಓಯ್ತಿದೀಯ? ಮೆಷಿನ್ನೋರ್ಗೆ ಕೆಲ್ಸ ಬ್ಯಾಡ್ವಾ?"

ತಿರುವಿನಲ್ಲಿ ಹೊಳೆ ಕರ್ರಗಾಗುತ್ತಿದ್ದುದನ್ನು ಅವನೂ ನೋಡಿದ್ದ, ಅವಳೂ ನೋಡಿದ್ದಳು. ಆದರೆ ಪ್ರತಿದಿನ ಅರ್ಪಿತ ಪೆಟ್ಟಿಗೆಯಿಂದ ತಲೆಯೆತ್ತಿ ಸರಿಯಿದೆ ಅನ್ನುತ್ತಿದ್ದಳು. ದೀಪ ಹಾಕಿ ನೋಡುವವರಿಗಿಂತ ನಮ್ಮ ಕಣ್ಣು ಹೆಚ್ಚೇ ಎಂದು ಇಬ್ಬರೂ ಸುಮ್ಮನಾದರು.

ಮಂಚಮ್ಮನ ಮಗಳು ಚಿಕ್ಕತಾಯಿಯನ್ನು ಕೊಟ್ಟಿದ್ದದ್ದು ತಿ. ನರಸೀಪುರದ ಕಡೆ, ಇದೇ ಹೊಳೆ ಕೆಳಗೆ ಹರಿದುಹೋಗುವ ಕಡೆ, ದಡದ ಊರಿಗೆ. ಬಾಣಂತನ ಮುಗಿಸಿಕೊಂಡು ಎಳೆಗೂಸಿನ ಜೊತೆ ಗಂಡನ ಮನೆಗೆ ಹೋಗಿದ್ದಳು. ಅವಳು ಎದುರುಮನೆಯ ಫೋನಿಗೆ ಮಾಡಿ, ನೀರು ಯಾಕೋ ಕಪ್ಪು ತಿರುಗಿದೆ, ಮಗುವಿಗೆ ಇದನ್ನೇ ಹಾಕಿ ಮೀಯಿಸಬಹುದೇ ಎಂದು ಕೇಳಿದಳು. ದೀಪದ ಪೆಟ್ಟಿಗೆಯಲ್ಲಿ ದಿನಾ ನೋಡುತ್ತಾರೆ, ಏನೂ ದೋಷವಿಲ್ಲ, ಸೋಸಿ ಹಾಕು ಎಂದು ಮಂಚಮ್ಮ ಹೇಳಿದಳು. ಆ ಮಾತು ಹೇಳುವಾಗ ಅವಳ ದನಿಯಲ್ಲಿದ್ದ ಗತ್ತನ್ನು ನಾನೇ ಕೇಳಿದ್ದೆ.

ವಾರ ತುಂಬುವ ಮೊದಲೇ ಚಿಕ್ಕತಾಯಿ ಮಗುವನ್ನು ಎದೆಗವುಚಿಕೊಂಡು ಬಸ್ಸಿಳಿದು ನೇರ ಶೆಡ್ಡಿಗೇ ಬಂದಳು. ಇನ್ನೊಂದು ಕೈಯಲ್ಲಿ ಹೊಳೆಯ ನೀರಿನ ಕ್ಯಾನು. ಕೂಸು ಕವನಳ ಮೈಯೆಲ್ಲ ಸುಟ್ಟಂತೆ ಬೊಕ್ಕೆ ಎದ್ದಿತ್ತು, ಕಣ್ಣು ಊದಿ ಮುಚ್ಚಿತ್ತು. ಅಳಲೂ ಶಕ್ತಿ ಇರಲಿಲ್ಲ. ತಮ್ಮೂರ ದಡದ ತುಂಬ ಮೀನು ಸತ್ತು ತೇಲುತ್ತಿವೆ ಎಂದಳು. ಅವಳ ಕ್ಯಾನಿನ ಪಕ್ಕ ಅರ್ಪಿತ ಬೆಳಗಿನ ಬಾಟಲಿ ತಂದಿಟ್ಟಳು. ಒಂದು ಇದ್ದಿಲು ಕಲಸಿದ ಹಾಗೆ, ಇನ್ನೊಂದು ಬಾವಿಯ ನೀರಿನ ಹಾಗೆ.

ಅರ್ಪಿತ ಖಾಲಿ ಬಾಟಲಿ ಕೊಟ್ಟು, ದಿನಾ ಹೇಗೆ ತುಂಬುತ್ತೀರೋ ಹಾಗೆ ತುಂಬಿ ತೋರಿಸಿ ಅಂದಳು. ಮಂಚಮ್ಮ ತೆಪ್ಪದಿಂದ ಬಗ್ಗಿ ಬಿಂದಿಗೆಯಲ್ಲಿ ನೀರು ಮೊಗೆದು, ತಿಳಿಯಾಗಲೆಂದು ಸ್ವಲ್ಪ ಹೊತ್ತು ಇಟ್ಟು, ಬಾಟಲಿಯ ಬಾಯಿಗೆ ಸೆರಗನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಮೆಲ್ಲಗೆ ಬಗ್ಗಿಸಿದಳು.

ಅರ್ಪಿತ ದಡದಿಂದಲೇ ಕೂಗಿದಳು. "ಯಾಕ್ ಸೋಸಿದ್ರಿ?"

"ಸೋಸ್ದೆ ಎಂಗವ್ವ ಕೊಡನ? ನೀವ್ ನನ್ ಕೈಲಿ ಈಸ್ಕತೀರಲ್ಲ" ಅಂದಳು ಮಂಚಮ್ಮ. ಹೇಳುತ್ತ ಹೇಳುತ್ತಲೇ ತನ್ನ ಸೆರಗಿನ ತುದಿ ನೋಡಿದಳು. ಆಮೇಲೆ ಮಗುವಿನ ಮುಖ. ಅವಳ ಕೈಯಿಂದ ಬಾಟಲಿ ಜಾರಿ ಹೊಳೆಗೆ ಬಿತ್ತು.

ತುಂಬಿ ತನ್ನಿ ಅಂದಿದ್ದೆ, ಸೋಸಬೇಡಿ ಅನ್ನುವುದು ನನಗೆ ಹೊಳೆಯಲೇ ಇಲ್ಲ ಎಂದು ಅರ್ಪಿತ ದೊಡ್ಡಮಾದಯ್ಯನ ಮುಂದೆ ಅತ್ತಳಂತೆ. ಮೆಷಿನ್ನು ಅವತ್ತೇ ನಿಂತಿತು. ಮಗುವನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿದ್ದಷ್ಟು ದಿನ ಚಿಕ್ಕತಾಯಿ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಮಂಚಮ್ಮ ವಾರ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದಳು.

ಕೂಸು ಕಣ್ಣು ಬಿಟ್ಟಿತು. ಮೈಮೇಲಿನ ಕಲೆ ಮಾತ್ರ ಉಳಿಯಿತು. ಮನೆಗೆ ಬಂದ ಮೇಲೆ ಅದಕ್ಕೆ ಮೊದಲ ಸಲ ನೀರು ಹಾಕುವಾಗ ನಾನೂ ಹೋಗಿದ್ದೆ. ಬೋರ್‌ವೆಲ್ ನೀರು ಕಾಯಿಸಿಟ್ಟಿದ್ದರು. ಚಿಕ್ಕತಾಯಿ ಕಾಲಮೇಲೆ ಮಗುವನ್ನು ಮಲಗಿಸಿಕೊಂಡಳು. ಮಂಚಮ್ಮ ಚೆಂಬು ಎತ್ತಿಕೊಂಡವಳು ಅಭ್ಯಾಸಬಲದಲ್ಲಿ ಸೆರಗಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

ಅಷ್ಟು ದಿನದ ಮೇಲೆ ಮಗಳು ಬಾಯಿಬಿಟ್ಟಳು.

"ಬುಡವ್ವ, ಅಂಗೇ ಉಯ್ಯಿ. ಏನೈತೋ ಕಣ್ಗೆ ಕಾಣ್ಲಿ."

ಮಂಚಮ್ಮ ಚೆಂಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹುಯ್ದಳು.