ಬಂಡೆಯ ಮೇಲಿನ ನನ್ನ ಹೆಸರು

ಹುತ್ರಿದುರ್ಗವನ್ನು ನಾನು ಐದನೇ ಕ್ಲಾಸಿನಲ್ಲೇ ಹತ್ತಿದ್ದೆ ಎಂದು ಮಗಳಿಗೆ ಹೇಳಿದ್ದು ಅಪ್ಪಟ ಸುಳ್ಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಬ್ಬೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಸುಳ್ಳು ಹೇಳಬಾರದು ಎಂದು ನಲವತ್ತು ಮಕ್ಕಳಿಗೆ ದಿನಾ ಹೇಳುವವಳಿಗೆ ಮನೆಯಲ್ಲಿ ಒಂದಾದರೂ ರಜೆ ಬೇಡವೇ?

ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋಗಿದ್ದೆವು ಎನ್ನುವವರೆಗೆ ನಿಜ. ಬೆಟ್ಟದ ಬುಡದಲ್ಲಿ ಬಸ್ಸಿಳಿದು, ತಲೆಯೆತ್ತಿ ಆ ಬಂಡೆಯನ್ನು ನೋಡಿದ್ದೇ ತಡ, ನಾನು ಗೊಳೋ ಎಂದು ಅಳಲು ಶುರುಮಾಡಿದೆ. ಮೇಷ್ಟ್ರು ಎರಡು ಸಲ ಗದರಿದರು, ಒಂದು ಸಲ ಪುಸಲಾಯಿಸಿದರು, ಆಮೇಲೆ ಪುಳಿಯೋಗರೆ ಪಾತ್ರೆ ಕಾಯಲು ನನ್ನನ್ನು ಮರದ ಕೆಳಗೆ ಕೂರಿಸಿ ಹೋದರು. ಉಳಿದವರು ಕೋಟೆ ನೋಡಿ ಇಳಿದು ಬರುವಷ್ಟರಲ್ಲಿ ನಾನು ಮೂವರು ಗೆಳತಿಯರ ಡಬ್ಬಿಯಲ್ಲಿದ್ದ ಕೋಡುಬಳೆಗಳನ್ನು ಮುಗಿಸಿದ್ದೆ. ಕೋಟೆಗೂ ನನಗೂ ಇದ್ದ ಸಂಬಂಧ ಅಷ್ಟೇ.

ಮಗಳಿಗೆ ಐದು ತುಂಬಿದಾಗ ಒಂದು ಇಂಜೆಕ್ಷನ್ ಹಾಕಿಸಬೇಕಿತ್ತು. ಆಸ್ಪತ್ರೆಯ ಬೆಂಚಿನ ಕಾಲನ್ನು ತಬ್ಬಿಕೊಂಡು ಅವಳು ಬಿಡಲೊಲ್ಲಳು. ನನ್ನ ಬಾಯಿಂದ ತಾನಾಗಿಯೇ ಬಂತು: "ಇಷ್ಟಕ್ಕೆ ಹೆದರ್ತೀಯಾ? ನಾನು ಐದನೇ ಕ್ಲಾಸಲ್ಲೇ ದುರ್ಗ ಹತ್ತಿದವಳು ಕಣೇ!" ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಎದ್ದು ಹೋಗಿ, ಹಲ್ಲು ಕಚ್ಚಿಕೊಂಡು ತೋಳು ಚಾಚಿದಳು. ಒಂದು ಹನಿ ಕಣ್ಣೀರು ಬರಲಿಲ್ಲ.

ಇಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿಯನ್ನು ಯಾರು ಬಿಡುತ್ತಾರೆ? ಮೊದಲ ದಿನದ ಶಾಲೆಗೆ ಒಂದು ಗುಟುಕು ದುರ್ಗ, ಅಲ್ಲಾಡುವ ಹಲ್ಲಿಗೆ ಒಂದು ಗುಟುಕು, ತಿರುವಿನಲ್ಲಿ ಮಲಗಿರುವ ಕರಿ ನಾಯಿಯನ್ನು ದಾಟಲು ಇನ್ನೊಂದು. ಒಂದು ದಿನ ಅವಳು, "ಹತ್ತಿದೀಯ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಮೇಷ್ಟ್ರ ಜೇಬಿನಿಂದ ಸೀಮೆಸುಣ್ಣ ಕದ್ದು ತುದಿಯ ಬಂಡೆಯ ಮೇಲೆ ನನ್ನ ಹೆಸರು ಬರೆದು ಬಂದಿದ್ದೇನೆ ಎಂದೆ. "ಮಳೆಗೆ ಹೋಗಿರಲ್ವಾ?" ಎಂದಳು. ಮೇಲೆ ಇನ್ನೊಂದು ಬಂಡೆ ಚಾಚಿಕೊಂಡಿದೆ, ಒಂದು ಹನಿ ಬೀಳಲ್ಲ ಎಂದೆ. "ಗೋಡೆ ಮೇಲೆ ಬರೀಬಾರ್ದು ಅಂತೀಯ?" ಎಂದಳು. ಅದು ಗೋಡೆಯಲ್ಲ, ಬಂಡೆ ಎಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರಲ್ಲ, ನನ್ನದು ಆಗ ಐದನೆಯದೋ ಆರನೆಯದೋ ಇರಬೇಕು.

ಈ ಗೋಡೆಯ ವಿಚಾರ ಸ್ವಲ್ಪ ಹೇಳಬೇಕು. ತುಮಕೂರಿನಲ್ಲಿ ನಾವಿರುವುದು ಬಾಡಿಗೆ ಮನೆ, ಮಗಳ ಕೈಯಲ್ಲಿ ಯಾವಾಗಲೂ ಬಣ್ಣದ ಕಡ್ಡಿ. ಹಾಗಾಗಿ ಒಂದು ಕಾನೂನು ಮಾಡಿದ್ದೆ: ಗೀಚಿದವರೇ ಒದ್ದೆ ಬಟ್ಟೆ ತಂದು ಒರೆಸಬೇಕು, ಪೂರ್ತಿ ಹೋಗುವವರೆಗೆ, ಯಾರೂ ಸಹಾಯ ಮಾಡುವಂತಿಲ್ಲ. ಪಾಪ, ಅಳುತ್ತಲೇ ಎಷ್ಟೋ ಸಲ ಒರೆಸಿದ್ದಾಳೆ.

ನನ್ನ ಗಂಡನಿಗೆ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಸಿಗುವುದು ಭಾನುವಾರ ಒಂದೇ, ಅದನ್ನು ಮಲಗಿ ಕಳೆಯುವುದು ಅವರ ಆಜನ್ಮಸಿದ್ಧ ಹಕ್ಕು. ಅಂಥವರು ಒಂದು ಶನಿವಾರ ಊಟಕ್ಕೆ ಕೂತು, "ನಾಳೆ ಕಾರಲ್ಲಿ ಕೋಟೆಗಳನ್ನ ನೋಡ್ಕೊಂಡು ಬರೋಣ. ಕಡಬಕ್ಕೆ ಹೋಗಿ ಅಮ್ಮನ್ನೂ ಕರ್ಕೊಳ್ಳೋಣ. ಹುಲಿಯೂರುದುರ್ಗ, ಆಮೇಲೆ ಹುತ್ರಿದುರ್ಗ" ಎಂದುಬಿಟ್ಟರು. ಮಗಳು ತಟ್ಟೆ ಬಿಟ್ಟು ಎದ್ದು ಕುಣಿದಳು. "ಅಮ್ಮನ ಹೆಸ್ರು ನೋಡ್ಬೋದು!"

ಬಾಯಿಗಿಡಲಿದ್ದ ಮುದ್ದೆಯನ್ನು ತಟ್ಟೆಗೆ ಇಳಿಸಿದೆ. ಬೆಟ್ಟದ ಹೆದರಿಕೆ ಇರಲಿ, ಅದು ಹಳೆಯದು. ಹೆಸರು ಸಿಗದಿದ್ದರೆ ಇಂಜೆಕ್ಷನ್ ಸುಳ್ಳಾಗುತ್ತದೆ, ಕರಿ ನಾಯಿ ಸುಳ್ಳಾಗುತ್ತದೆ. ನಾಳೆಯಿಂದ ನಾನು ಹೇಳುವ ಯಾವುದನ್ನೂ ಅವಳು ನಂಬಬೇಕಿಲ್ಲ. ಆ ಹೆದರಿಕೆ ಹೊಸದು, ಬಂಡೆಗಿಂತ ದೊಡ್ಡದು.

ಪ್ರವಾಸ ಕೆಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳಿಗ್ಗೆ ಕಾರಿನ ಕೀಯನ್ನು ಅಕ್ಕಿ ಡಬ್ಬಿಯಲ್ಲಿಟ್ಟೆ. ಗಂಡ ಇನ್ನೊಂದು ಕೀ ತೆಗೆದರು. ಗುಬ್ಬಿಯಲ್ಲಿ ಎಲ್ಲರಿಗೂ ಎರಡೆರಡು ಮಸಾಲೆದೋಸೆ ಹೇಳಿದೆ, ಹೊಟ್ಟೆ ಭಾರವಾದರೆ ಯಾರೂ ಹತ್ತುವುದಿಲ್ಲ ಎಂಬ ಲೆಕ್ಕದಲ್ಲಿ. ಎಲ್ಲರೂ ಸಲೀಸಾಗಿ ತಿಂದರು, ನನಗೇ ಎದೆಯುರಿ ಬಂತು. ಕಡಬದಲ್ಲಿ ಅತ್ತೆಯ ಮಂಡಿನೋವನ್ನು ನೆಪ ಮಾಡಿ, "ಅತ್ತೆಗೆ ಯಾಕೆ ತೊಂದ್ರೆ, ಇಲ್ಲೇ ಕೆರೆ ಏರಿ ಮೇಲೆ ಓಡಾಡ್ಕೊಂಡು ವಾಪಸ್ ಹೋಗೋಣ ಕಣ್ರೀ" ಎಂದೆ.

ಅತ್ತೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುರಿದ ಕಡ್ಲೆಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಂದೇನವ್ವಾ, ನಾನ್ ಕೆಳ್ಗೆ ಕೂತ್ಕತೀನಿ. ನೀನು ಹತ್ತಿರೋಳಲ್ವಾ? ನಿಂಗೇನ್ ಕಷ್ಟ?" ಎಂದರು. ಅವರು ನಗುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟ. ಸೊಸೆಯ ಬಂಡವಾಳ ಅತ್ತೆಗೆ ತಿಳಿಯದೆ ಇರುತ್ತದೆಯೇ? ಮೊಣಕಾಲೆತ್ತರದ ಸ್ಟೂಲಿನ ಮೇಲೆ ನಿಂತು ಅಟ್ಟದ ಪಾತ್ರೆ ತೆಗೆಯುವಾಗಲೇ ದೇವರ ಹೆಸರು ಹೇಳುವವಳನ್ನು ಅವರು ಹತ್ತು ವರ್ಷದಿಂದ ನೋಡುತ್ತಿದ್ದಾರೆ.

ಹುಲಿಯೂರುದುರ್ಗದಲ್ಲಿ ಗಂಡ ಕಾರು ನಿಲ್ಲಿಸಿ, ಬೆಟ್ಟವನ್ನು ಕೆಳಗಿನಿಂದಲೇ ನೋಡಿ, "ಇದು ಬರೀ ಮುಳ್ಳುಪೊದೆ, ಮಗು ಕರ್ಕೊಂಡು ಹತ್ತೋ ದಾರಿಯಲ್ಲ" ಎಂದು ಫೋಟೋ ತೆಗೆದು ಮುಗಿಸಿದರು. ನನಗೆ ಜೀವ ಬಂತು. "ಎರಡೂ ಒಂದೇ ಥರ, ಒಂದು ನೋಡಿದ್ರೆ ಇನ್ನೊಂದು ನೋಡಿದ ಹಾಗೆ" ಎಂದೆ. ಹಿಂದಿನ ಸೀಟಿನಿಂದ ಮಗಳು, "ಇಲ್ಲ. ಇದರ ಮೇಲೆ ಹೆಸ್ರಿಲ್ಲ" ಎಂದಳು. ಅತ್ತೆ ಒಂದು ಕಡ್ಲೆಕಾಯಿ ಸುಲಿದು ಅವಳ ಬಾಯಿಗಿಟ್ಟರು.

ಕುಣಿಗಲ್ ದಾಟಿ ಸ್ವಲ್ಪ ದೂರ ಹೋದಮೇಲೆ ಹುತ್ರಿದುರ್ಗ ಕಾಣಿಸಿತು. "ದೂರದ ಬೆಟ್ಟ ನುಣ್ಣಗೆ" ಎಂದು ಅತ್ತೆ ತಮಗೆ ತಾವೇ ಎಂಬಂತೆ ಅಂದರು. ನನಗಂತೂ ದೂರದಿಂದಲೂ ನುಣ್ಣಗೆ ಕಾಣಲಿಲ್ಲ.

ಬುಡದಲ್ಲಿ ಅತ್ತೆ ಒಂದು ಮರದ ನೆರಳಲ್ಲಿ ಟವೆಲ್ ಹಾಸಿ ಕೂತರು. ನನಗೂ ಅಲ್ಲೇ ಕೂರುವ ಆಸೆ, ಆ ಜಾಗದ ಪರಿಚಯ ನನಗೆ ಮೊದಲೇ ಇತ್ತಲ್ಲ. ಆದರೆ ಅಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು. ಟೀಚರ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿರಬಹುದು, ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ. ಎಲ್ಲರಿಗಿಂತ ಮೊದಲು ತುದಿ ಮುಟ್ಟಿದರೆ ಸಾಕು. "ಕೋತಿಗಳಿದ್ರೆ ಮಗು ಹೆದರ್ಕೊಳುತ್ತೆ, ನಾನು ಮುಂದೆ ಹೋಗಿ ನೋಡ್ತೀನಿ" ಎಂದು ಹೇಳಿ ಹೊರಟೆ. ಗಂಡ ಬೆರಗಾಗಿ ನೋಡಿದರು.

ಕೋಟೆಯ ಒಂದೊಂದು ಬಾಗಿಲಲ್ಲೂ ಅವರು ಮಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದುದು ನನ್ನ ಪುಣ್ಯ. ಮೆಟ್ಟಿಲಿರುವವರೆಗೆ ಹೇಗೋ ನಡೆಯಿತು. ಮೆಟ್ಟಿಲು ಮುಗಿದು ಬರೀ ಬೋಳು ಬಂಡೆ ಸಿಕ್ಕಿತು. ಕಾಲಿಡಲು ಉಳಿಯಲ್ಲಿ ಕೆತ್ತಿದ ಗುಳಿಗಳು, ಪಕ್ಕದಲ್ಲಿ ಗಾಳಿ. ಹತ್ತು ವರ್ಷದ ಹುಡುಗಿಯಾಗಿ ನಾನು ಅತ್ತದ್ದರಲ್ಲಿ ತಪ್ಪೇ ಇರಲಿಲ್ಲ ಎಂದು ಆಗ ಅನ್ನಿಸಿತು. ಹಿಂತಿರುಗೋಣವೆಂದರೆ ಕೆಳಗಿನಿಂದ ಮಗಳ ಕೂಗು: "ಅಮ್ಮಾ, ಹೆಸ್ರು ಸಿಕ್ತಾ?"

ಹಿಂದೆ ಮಗಳು, ಮುಂದೆ ಬಂಡೆ. ಬಂಡೆಯೇ ವಾಸಿ ಎನ್ನಿಸಿತು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಅಂಬೆಗಾಲಿಟ್ಟುಕೊಂಡು ಹತ್ತಿದೆ. ನಮ್ಮ ಶಾಲೆಯ ಮಕ್ಕಳು ಯಾರಾದರೂ ನೋಡಿದ್ದರೆ ಮಾರನೆಯ ದಿನದಿಂದ ನಾನು ಕ್ಲಾಸಿಗೆ ಹೋಗುವಂತಿರಲಿಲ್ಲ. ಎದುರಿಗೆ ಇಳಿಯುತ್ತಿದ್ದ ಕಾಲೇಜು ಹುಡುಗರು, "ಹುಷಾರು ಆಂಟಿ" ಎಂದು ದಾರಿ ಬಿಟ್ಟರು. ಆಂಟಿ ತಲೆ ಎತ್ತಲಿಲ್ಲ.

ಹೇಗೆ ತುದಿ ಮುಟ್ಟಿದೆನೋ ಗೊತ್ತಿಲ್ಲ. ಅಲ್ಲಿ ನಿಜವಾಗಿಯೂ ಒಂದು ಬಂಡೆಯ ಮೇಲೆ ಇನ್ನೊಂದು ಚಾಚಿಕೊಂಡಿತ್ತು. ನನ್ನ ಸುಳ್ಳಿಗೆ ಬೆಟ್ಟವೇ ಜಾಗ ಮಾಡಿಕೊಟ್ಟಂತೆ ಇತ್ತು. ಅದರ ಅಡಿಯಲ್ಲಿ ಯಾರ್ಯಾರದೋ ಹೆಸರುಗಳು, ಬಾಣ ಹೊಡೆದ ಹೃದಯಗಳು. ಖಾಲಿ ಜಾಗ ಹುಡುಕಿ, ಸರಸರನೆ ಬರೆದು, ಸೀಮೆಸುಣ್ಣವನ್ನು ಬ್ಯಾಗಿಗೆ ತುರುಕಿ, ವೇಲಿಗೆ ಕೈ ಒರೆಸಿಕೊಂಡು ಕೂತೆ. ಗಂಡ ಕೊನೆಯ ಬಾಗಿಲ ಹತ್ತಿರ ಸುಧಾರಿಸಿಕೊಳ್ಳಲು ಕೂತಿದ್ದರು. ಮಗಳೊಬ್ಬಳೇ ಮೇಕೆಮರಿಯ ಹಾಗೆ ಹಾರಿಕೊಂಡು ಬಂದಳು.

"ಎಲ್ಲಿ?"

ದೊಡ್ಡ ಉದಾಸೀನದಿಂದ ಬೆರಳು ತೋರಿಸಿದೆ. ಅವಳು ಒಂದನೇ ಕ್ಲಾಸು. ಓದುವಾಗ ಬೆರಳಿಟ್ಟು, ಮೇಲಿನ ಮೂಲೆಯಿಂದ ಶುರುಮಾಡಬೇಕು ಎಂದು ನಾನೇ ಕಲಿಸಿದ್ದೆ. ಬೆರಳಿಟ್ಟಳು. "ದಿ... ನಾಂ... ಕ," ಎಂದು ಓದಿದಳು. ಅಂಕಿಗಳನ್ನು ಓದಿದಳು. ಆಮೇಲೆ, "ವಾರ... ಭಾನುವಾರ."

ಹದಿನಾರು ವರ್ಷದಿಂದ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು ಮೊದಲು ಬರೆಯುವುದು ದಿನಾಂಕ, ಅದರ ಕೆಳಗೆ ವಾರ, ಕೆಳಗೊಂದು ಗೆರೆ, ಆಮೇಲೆ ಉಳಿದದ್ದು. ಕೈ ತನ್ನ ಪಾಡಿಗೆ ತಾನು ಎಲ್ಲವನ್ನೂ ಬರೆದಿತ್ತು. ಗೆರೆಯನ್ನೂ ಎಳೆದಿತ್ತು. ಅದರ ಕೆಳಗೆ ದುಂಡಾದ ಅಕ್ಷರದಲ್ಲಿ ನನ್ನ ಹೆಸರು.

"ಅಮ್ಮ, ಇದು ಇವತ್ತಿಂದು," ಎಂದಳು ಮಗಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ತಪ್ಪು ಲೆಕ್ಕವನ್ನು ನೋಡುವ ಹಾಗೆ ನೋಡುತ್ತಿದ್ದಳು. "ನೀನು ಐದನೇ ಕ್ಲಾಸಲ್ಲಿ ಹತ್ತಿರ್ಲಿಲ್ವಾ?"

ಹನ್ನೊಂದನೆಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕಣ್ಣು ನೋಡಿ ನುಂಗಿಕೊಂಡೆ. "ಇಲ್ಲ ಕಣೇ. ಹೆದರಿಕೆ ಆಯ್ತು. ಕೆಳಗೆ ಕೂತು ಕೋಡುಬಳೆ ತಿಂದೆ."

ಅವಳು ಬಂಡೆಯ ಕಡೆ ತಿರುಗಿ ಅಕ್ಷರಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ನಾನು ಅಳುವುದೊಂದು ಬಾಕಿ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಏನೋ ಕೈಜಾರಿದ ಸಂಕಟ. ಕೊನೆಗೆ ಅವಳು ಕೇಳಿದಳು: "ಹಂಗಾದ್ರೆ ಇಂಜೆಕ್ಷನ್ ದಿನ, ನಾಯಿ ದಿನ, ಎಲ್ಲಾ ನಾನೊಬ್ಳೇ ಧೈರ್ಯ ಮಾಡಿದ್ದಾ?"

"ಹೂಂ," ಎಂದೆ. "ನೀನೊಬ್ಳೇ."

ಅವಳ ಬೆನ್ನು ನೆಟ್ಟಗಾಯಿತು. ನನ್ನ ಕಣ್ಣಿಗೇ ಬೀಳುವ ಹಾಗೆ, ಒಂದು ಬೆರಳು ಎತ್ತರವಾದಳು. ಆಮೇಲೆ ಹೆಗಲಿನಿಂದ ನೀರಿನ ಬಾಟಲಿ ತೆಗೆದು, ಜೇಬಿನಲ್ಲಿದ್ದ ಕರ್ಚೀಫನ್ನು ಒದ್ದೆ ಮಾಡಿ ನನ್ನ ಕೈಗಿಟ್ಟಳು.

"ಒರೆಸು. ಪೂರ್ತಿ ಹೋಗ್ಬೇಕು."

ಒರೆಸಿದೆ. ಬಂಡೆಯ ತರಿಯಲ್ಲಿ ಸೀಮೆಸುಣ್ಣ ಹೊಕ್ಕರೆ ಹೋಗುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಸಹಾಯ ಮಾಡು ಎಂದರೆ, "ಯಾರೂ ಮಾಡಂಗಿಲ್ಲ" ಎಂದು ಕೈಕಟ್ಟಿ ನಿಂತಳು. ಗಂಡ ಏದುಸಿರು ಬಿಡುತ್ತಾ ಮೇಲೆ ಬಂದಾಗ ಬಂಡೆಯ ಮೇಲೆ ಒದ್ದೆ ಕಲೆಯೊಂದೇ ಉಳಿದಿತ್ತು. ಅವರಿಗೆ ಇವತ್ತಿನವರೆಗೂ ವಿಷಯ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಇಳಿಯುವಾಗ ಬೋಳು ಬಂಡೆಯ ಮೇಲೆ ನಾನು ಮತ್ತೆ ಕೂತುಬಿಟ್ಟೆ. ಮಗಳು ಎರಡು ಗುಳಿ ಕೆಳಗೆ ನಿಂತು ಕೈಚಾಚಿ, "ಕೆಳಗೆ ನೋಡ್ಬೇಡ, ನನ್ನ ನೋಡು. ನಾನು ಅಳದೆ ಇಂಜೆಕ್ಷನ್ ತಗೊಂಡವಳು" ಎಂದಳು. ಅವಳನ್ನೇ ನೋಡಿಕೊಂಡು ಇಳಿದೆ.

ಬುಡ ಮುಟ್ಟಿದಮೇಲೆ ಗಂಡ ಕಾರು ತರಲು ಹೋದರು. ಮರದ ಕೆಳಗೆ ಅತ್ತೆಯ ಸುತ್ತ ಕಡ್ಲೆಕಾಯಿ ಸಿಪ್ಪೆಯ ರಾಶಿ ಬಿದ್ದಿತ್ತು. ನನ್ನ ಮೊಣಕಾಲಿನ ಮಣ್ಣನ್ನೂ ವೇಲಿನ ಮೇಲಿನ ಬಿಳಿ ಕಲೆಯನ್ನೂ ಒಂದೊಂದಾಗಿ ನೋಡಿ, ಮೊಮ್ಮಗಳ ಕಡೆ ತಿರುಗಿದರು.

"ಏನ್ ಮಗಾ, ನಿಮ್ಮವ್ವನ ಹೆಸ್ರು ಸಿಕ್ತಾ?"

ನಾನು ವೇಲಿನ ಬಿಳಿ ಕಲೆಯನ್ನು ಮಡಿಕೆಯೊಳಗೆ ಮುಚ್ಚಿದೆ.

"ಸಿಕ್ತು ಅಜ್ಜಿ," ಎಂದಳು ಮಗಳು, ಕಡ್ಲೆಕಾಯಿಗೆ ಕೈಚಾಚುತ್ತಾ. "ನಾನೇ ಅಳಿಸಿಸ್ದೆ. ಬಂಡೆ ಮೇಲೂ ಬರೀಬಾರ್ದು."