ಸ್ವಂತ ಮನೆಗೆ ಬಾಡಿಗೆ ಕೊಟ್ಟ ಯಮುನಕ್ಕ

ಯಮುನಕ್ಕ ತಮ್ಮ ಸ್ವಂತ ಮನೆಗೆ ತಾವೇ ಬಾಡಿಗೆ ಕೊಡುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ತಮಾಷೆ ಎಂದುಕೊಂಡೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರಿಗೆ ಕುಂಬ್ರದ ಹತ್ತಿರದ ಹೈಸ್ಕೂಲಿಗೆ ವರ್ಗವಾಗಿ, ನಾವು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸತು. ಬೇಲಿಯ ಆಚೆಯಿಂದ ನಮ್ಮ ಬಾಡಿಗೆ ಎಷ್ಟೆಂದು ಕೇಳಿದರು. ಹೇಳಿದೆ.

"ನನ್ನದು ಅದಕ್ಕಿಂತ ಸ್ವಲ್ಪ ಕಡಿಮೆ," ಎಂದರು.

"ನಿಮ್ಮದು ಸ್ವಂತ ಮನೆ ಅಲ್ವಾ ಯಮುನಕ್ಕ?"

"ಎಂತ ಸ್ವಂತ ಲಿಲ್ಲಿಬಾಯಿ! ಮನೆಯ ಪತ್ರ ಸೊಸೈಟಿಯ ಕಪಾಟಿನಲ್ಲಿ ಉಂಟು. ಪತ್ರ ಅಲ್ಲಿ, ನಾವು ಇಲ್ಲಿ. ಹಾಗಾದರೆ ನಾವು ಯಾರು? ಬಾಡಿಗೆಯವರು."

ಪುತ್ತೂರಿನ ಒಂದು ಸಹಕಾರಿ ಸೊಸೈಟಿಯಿಂದ ಸಾಲ ತೆಗೆದು ಕಟ್ಟಿಸಿದ ಮನೆ ಅದು. ಅದಕ್ಕೆ ಮೊದಲು ಗಂಡ ಹೆಂಡತಿ ಪುತ್ತೂರಿನಲ್ಲಿ ಸಾಲುಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಬೇರೆಯವರಾದರೆ ಹೊಸ ಮನೆಗೆ ಬಂದ ಮೇಲೆ ಬಾಡಿಗೆಯ ಹಣ ಉಳಿಯಿತೆಂದು ನೆಮ್ಮದಿಯಾಗಿರುತ್ತಿದ್ದರು. ಯಮುನಕ್ಕ ಮಾತ್ರ ಸಾಲದ ಕಂತನ್ನು ಕಟ್ಟಿ, ಹಳೆಯ ಬಾಡಿಗೆಯಷ್ಟೇ ಹಣವನ್ನು ಬೇರೆಯಾಗಿ ಎಣಿಸಿ ಅದನ್ನೂ ಸೊಸೈಟಿಗೇ ಕಟ್ಟುತ್ತಿದ್ದರು. ಬೀಡಿ ಕಟ್ಟಿ ಬಂದದ್ದೂ ಅದರ ಜೊತೆಗೆ ಹೋಗುತ್ತಿತ್ತು.

ಬಾಡಿಗೆಯವರು ಎಂದ ಮೇಲೆ ಬಾಡಿಗೆಯವರ ಹಾಗೆಯೇ ಇದ್ದರು. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಕ್ಯಾಲೆಂಡರು ಕಿಟಕಿಯ ದಂಡೆಯ ಮೇಲೆ ಒರಗಿ ಕೂತಿರುತ್ತಿತ್ತು. ಅವರ ಗಂಡ ರಾಮಣ್ಣನ ಖಾಕಿ ಅಂಗಿ ಹಗ್ಗದ ಮೇಲೆ. ರಾಮಣ್ಣ ಒಮ್ಮೆ ಸುತ್ತಿಗೆ ಹಿಡಿದಾಗ, "ಬೇಡ, ಧಣಿಗಳು ಬೈದಾರು," ಎಂದು ಕೈಯಿಂದ ಕಿತ್ತುಕೊಂಡರಂತೆ. ಸೈಕಲಿನಲ್ಲಿ ಮೀನು ತರುವವನನ್ನು ಹೋಗುವಾಗ ನಿಲ್ಲಿಸುತ್ತಿರಲಿಲ್ಲ, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಅಗ್ಗಕ್ಕೆ ಕೊಡುತ್ತ ವಾಪಸು ಬರುವಾಗ ನಿಲ್ಲಿಸುತ್ತಿದ್ದರು. ಸಾಬೂನಿನ ತೆಳ್ಳಗಿನ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿದ ಬಣ್ಣಬಣ್ಣದ ಉಂಡೆಯೊಂದು ಅವರ ಬಚ್ಚಲಿನಲ್ಲಿ ಸದಾ ಇರುತ್ತಿತ್ತು. ಬೆಳಗಿನ ಕತ್ತಲೆಯಲ್ಲಿ ಮೊರದಂಥ ಗೆರಸೆ ಹಿಡಿದು ನಮ್ಮ ಜಗಲಿಗೇ ಬಂದು ಬೀಡಿ ಕಟ್ಟಲು ಕೂರುತ್ತಿದ್ದರು. "ನಿಮ್ಮ ಲೈಟು ಹೇಗೂ ಉರಿತಾ ಉಂಟಲ್ಲ. ಇಬ್ಬರಿಗೆ ಉರಿದರೆ ಅದಕ್ಕೆ ಎಂತ ಹೆಚ್ಚು ಖರ್ಚು?"

ಕೂರುತ್ತಿದ್ದರು ಎಂದೆ, ಅದು ಪೂರ್ತಿ ನಿಜವಲ್ಲ. ಎರಡು ಬೀಡಿ ಕಟ್ಟುವಷ್ಟರಲ್ಲಿ ಎದ್ದು ನನ್ನ ತುಳಸಿಗೆ ನೀರು ಹಾಕುವರು. "ಶಿಲುಬೆಯ ಮನೆಯಲ್ಲಿ ತುಳಸಿ ಎಂತಕ್ಕೆ?" "ಕೆಮ್ಮಿಗೆ, ಯಮುನಕ್ಕ." "ಹಾಗಾದರೆ ನೀರು ಹಾಕಿ ಮಾರಾಯ್ರೆ, ಒಣಗಿದರೆ ಕೆಮ್ಮು ಹೋಗುದಾ?" ಮತ್ತೆ ಕೂತು, ಮತ್ತೆ ಏಳುವರು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮಡಿಲಲ್ಲಿ ಕೈಯಿಟ್ಟು ಅಲುಗದೆ ಕೂರಲು ಕಲಿಸಿದ್ದರು. ಯಮುನಕ್ಕನನ್ನು ಅವರ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನಗು ಬರುತ್ತಿತ್ತು.

ನಗುವಂಥದ್ದಲ್ಲವೆಂದು ನಿಧಾನವಾಗಿ ತಿಳಿಯಿತು. ರಾಮಣ್ಣ ಸುಳ್ಯ–ಪುತ್ತೂರು ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಅವರ ಕಣ್ಣು ಮಬ್ಬಾಗುತ್ತಿತ್ತು. ಹಗಲಿನಲ್ಲಿ ತೊಂದರೆಯಿಲ್ಲ, ಮುಸ್ಸಂಜೆಯಾದರೆ ದಾರಿಯ ಅಂಚು ಕರಗಿದ ಹಾಗೆ ಆಗುತ್ತಿತ್ತು. ಮಂಗಳೂರಿನ ಡಾಕ್ಟರು, ಇದು ಕನ್ನಡಕದಿಂದ ಸರಿಯಾಗುವಂಥದ್ದಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು. ಬಸ್ಸಿನ ಧಣಿಗೆ ಇದು ಗೊತ್ತಿರಲಿಲ್ಲ.

"ಸೀಟಿನಿಂದ ಇಳೀರಿ ಅಂತ ದಿನಾ ಹೇಳ್ತೇನೆ," ಎಂದು ಯಮುನಕ್ಕ ಒಂದು ದಿನ ಎಲೆ ಕತ್ತರಿಸುತ್ತ ಹೇಳಿದರು. "ಸಾಲ ತೀರಿದ ದಿನ ಇಳೀತೇನೆ, ಅದಕ್ಕೆ ಮೊದಲು ಇಳಿದರೆ ಮನೆ ಹೋಗ್ತದೆ ಅಂತ ಅವರ ಹಟ. ಸೊಸೈಟಿಯವರು ಹೇಳಿದ ವಾಯಿದೆಯವರೆಗೆ ಕಾದರೆ ಅವರ ಕಣ್ಣು ಕಾಯ್ತದಾ, ನೀವೇ ಹೇಳಿ."

ಹೆಚ್ಚುವರಿ ಹಣದ ಅವಸರ ನನಗೆ ಅರ್ಥವಾದದ್ದು ಆಗ.

ಒಮ್ಮೆ ಅವರ ಜೊತೆ ನಾನೂ ಸೊಸೈಟಿಗೆ ಹೋಗಿದ್ದೆ. ಅಲ್ಲಿಯ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ನಗುತ್ತ, "ಯಮುನಕ್ಕ, ಇನ್ನು ನಾಲ್ಕು ತಿಂಗಳು ನೀವು ಬರುದೇ ಬೇಡ. ನೀವು ಹೆಚ್ಚು ಕೊಟ್ಟದ್ದನ್ನು ಮುಂದಿನ ಕಂತುಗಳಿಗೆ ಹಾಕಿ ಇಟ್ಟಿದ್ದೇನೆ," ಎಂದರು. ದೊಡ್ಡ ಉಪಕಾರ ಮಾಡಿದ ಸಂತೋಷ ಅವರ ಮುಖದಲ್ಲಿತ್ತು.

ಯಮುನಕ್ಕ ಅವರ ಮೇಜಿನ ಮೇಲೆ ಬಗ್ಗಿದರು. "ಹಾಗಾದರೆ ಅಸಲು ಕಡಿಮೆ ಆಗಲೇ ಇಲ್ವಾ?"

"ಅದು ವಾಯಿದೆಗೆ ಸರಿಯಾಗಿ ಆಗ್ತದೆ. ಎಲ್ಲರೂ ಕಂತು ತಪ್ಪಿಸುದು, ನೀವು ಮುಂಚೆ ಕೊಡುದು. ನಿಮಗೆ ಒಂದು ರಜೆ ಇರಲಿ ಅಂತ."

"ರಜೆ ನನಗೆ ಯಾಕೆ ಮಾರಾಯ್ರೆ! ನಾನು ಕೊಟ್ಟದ್ದು ಮುಂದಿನ ತಿಂಗಳಿಗಲ್ಲ. ಅಸಲಿಗೆ. ಅಸಲು ಇಳಿದರೆ ಬಡ್ಡಿ ಇಳೀತದೆ, ಬಡ್ಡಿ ಇಳಿದರೆ ಅವರು ಇಳೀತಾರೆ."

ಇಳಿಯುವವರು ಯಾರೆಂದು ಕಾರ್ಯದರ್ಶಿಗೆ ತಿಳಿಯಲಿಲ್ಲ. ಅಂಥ ಪದ್ಧತಿ ತಮ್ಮಲ್ಲಿ ಇಲ್ಲ, ಆಡಳಿತ ಮಂಡಳಿಯನ್ನು ಕೇಳಬೇಕು ಎಂದರು. "ಕೇಳಿ, ನಾನು ಇಲ್ಲಿಯೇ ಇರ್ತೇನೆ," ಎಂದು ಯಮುನಕ್ಕ ಬೆಂಚಿನಲ್ಲಿ ಕೂತರು, ಎದ್ದರು, ಬೆಂಚನ್ನು ಗೋಡೆಗೆ ನೇರ ಮಾಡಿದರು, ಕುಡಿಯುವ ನೀರಿನ ಹೂಜಿಯನ್ನು ತೊಳೆದು ತುಂಬಿಸಿ ಇಟ್ಟರು. ಕಸಬರಿಕೆ ಎಲ್ಲಿದೆ ಎಂದು ಕೇಳಿದಾಗ ಕಾರ್ಯದರ್ಶಿ ಸೋತರು. ಅಧ್ಯಕ್ಷರ ಅಂಗಡಿಗೆ ಆಗಲೇ ಜನ ಕಳುಹಿಸಿ ಒಪ್ಪಿಗೆ ತರಿಸಿ, ಅಷ್ಟೂ ಹಣವನ್ನು ಅಸಲಿಗೆ ಜಮಾ ಮಾಡಿಸಿದರು.

ಆ ವರ್ಷದ ಚಳಿಗಾಲದಿಂದ ಯಮುನಕ್ಕ ಮಧ್ಯಾಹ್ನದ ನಂತರ ಮನೆಯಲ್ಲಿ ಇರುತ್ತಿರಲಿಲ್ಲ. ಗಂಡನ ಬಸ್ಸಿನಲ್ಲೇ ಸುಳ್ಯಕ್ಕೆ ಹೋಗಿ, ಸಂಜೆಯ ಟ್ರಿಪ್ಪಿನಲ್ಲಿ ಅವರ ಜೊತೆಗೇ ವಾಪಸು. ಸುಳ್ಯದ ಆಸ್ಪತ್ರೆಯಲ್ಲಿದ್ದ ನಮ್ಮ ಸಂಬಂಧಿಯನ್ನು ನೋಡಿ ಬರುವಾಗ ಒಂದು ದಿನ ನನಗೂ ಅದೇ ಬಸ್ಸು ಸಿಕ್ಕಿತು. ಯಮುನಕ್ಕ ಇಂಜಿನ್ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿದ್ದರು. ಕತ್ತಲು ಇಳಿಯುತ್ತಿದ್ದಂತೆ ಅವರ ಮಾತು ಶುರುವಾಯಿತು.

"ಓ, ಮೋನು ಬ್ಯಾರಿಯವರ ಅಂಗಡಿ ಇನ್ನೂ ಬಾಗಿಲು ಹಾಕ್ಲಿಲ್ಲ... ಈ ದನ ಯಾರದ್ದು, ಎಡದಲ್ಲೇ ನಿಂತಿದೆ... ಮುಂದೆ ಮೋರಿ ರಿಪೇರಿ, ಕಲ್ಲು ಹಾಗೇ ಬಿಟ್ಟಿದ್ದಾರೆ ನೋಡಿ..."

"ಬಾಯಿಗೆ ಬೀಗ ಇಲ್ಲ ಈ ಹೆಂಗಸಿಗೆ," ಎಂದು ಹಿಂದಿನ ಸೀಟಿನವರು ನಕ್ಕರು. ನಾನು ನಗಲಿಲ್ಲ. ಯಮುನಕ್ಕ ಒಂದೊಂದು ಮಾತು ಆಡಿದಾಗಲೂ ರಾಮಣ್ಣನ ಕೈ ಸ್ಟೇರಿಂಗಿನ ಮೇಲೆ ಸ್ವಲ್ಪ ಸ್ವಲ್ಪ ತಿರುಗುವುದನ್ನು ನಾನು ಕಂಡಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ತಾಯಿಯ ಹೆಗಲ ಮೇಲೆ ಮಗು ಮಲಗಿತ್ತು.

ಕುಂಬ್ರಕ್ಕೆ ಸ್ವಲ್ಪ ಮೊದಲು ಯಮುನಕ್ಕನಿಗೆ ಕೆಮ್ಮು ಬಂತು. ಸಾಮಾನ್ಯ ಕೆಮ್ಮು, ಬೀಡಿ ಹೊಗೆಸೊಪ್ಪಿನದು. ಅಷ್ಟು ಹೊತ್ತು ಮಾತು ನಿಂತಿತು. ದಾರಿ ಬದಿಯಲ್ಲಿ ಸೈಕಲು ನೂಕಿಕೊಂಡು ಹೋಗುತ್ತಿದ್ದವನೊಬ್ಬ ಬಸ್ಸಿನ ಬೆಳಕಿಗೆ ಕಂಡದ್ದು ನಮಗೆಲ್ಲ, ರಾಮಣ್ಣನಿಗಲ್ಲ. "ಬಲಕ್ಕೆ!" ಎಂದು ಯಮುನಕ್ಕ ಕಿರುಚಿದರು. ಬಸ್ಸು ವಾಲಿ ನಿಂತಿತು. ಸೈಕಲು ಚರಂಡಿಗೆ ಬಿತ್ತು. ಅವನು ಎದ್ದು ನಿಂತು ಚೆನ್ನಾಗಿ ಬೈದ. ಆ ಬೈಗುಳ ಕೇಳಿ ಯಮುನಕ್ಕ ಕೈ ಮುಗಿದರು.

ಮರುದಿನ ಬೆಳಿಗ್ಗೆ ಅವರು ಬೀಡಿ ಕಟ್ಟಲು ಬರಲಿಲ್ಲ. ನೇರ ಬಸ್ಸಿನ ಧಣಿಯ ಮನೆಗೆ ಹೋಗಿ, "ನನ್ನ ಗಂಡನಿಗೆ ಕಣ್ಣು ಕಾಣುದಿಲ್ಲ, ಅವರಿಗೆ ಬಸ್ಸು ಕೊಡಬೇಡಿ," ಎಂದು ಹೇಳಿ ಬಂದಿದ್ದರು. ಸಾಲ ಇನ್ನೂ ಇತ್ತು.

ರಾಮಣ್ಣ ಯಮುನಕ್ಕನೊಡನೆ ಮಾತು ಬಿಟ್ಟರು. ನನ್ನ ಹತ್ತಿರ ಮಾತಾಡುವರು, ಮೀನಿನವನ ಹತ್ತಿರ ಮಾತಾಡುವರು, ಹೆಂಡತಿಯ ಹತ್ತಿರ ಇಲ್ಲ. "ಸಾರಿಗೆ ಉಪ್ಪು ಕಡಿಮೆ ಉಂಟೆಂದು ಹೇಳಿ ಲಿಲ್ಲಿಬಾಯಿ," ಎಂದು ಬೇಲಿಯ ಮೇಲಿಂದ ನನಗೆ ಹೇಳುವರು. ಯಮುನಕ್ಕ ಅಲ್ಲೇ ನಿಂತಿರುತ್ತಿದ್ದರು. "ಉಪ್ಪು ಮೇಜಿನ ಮೇಲೆ ಉಂಟೆಂದು ಹೇಳಿ," ಎನ್ನುವರು. ನಾನು ಎರಡನ್ನೂ ಹೇಳುತ್ತಿದ್ದೆ.

ಕಂತು ನಿಲ್ಲಲಿಲ್ಲ. ಯಮುನಕ್ಕ ಮನೆಯ ಮುಂದಿನ ಎರಡು ಕೋಣೆಗಳನ್ನು ನೆಲ್ಯಾಡಿಯಿಂದ ಬಂದ ಒಂದು ಮಲಯಾಳಿ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟು, ತಾವು ಅಡುಗೆಮನೆಗೂ ಹಿಂದಿನ ಚಾವಡಿಗೂ ಸರಿದರು. ತಾವು ಕೊಡುತ್ತಿದ್ದ ಬಾಡಿಗೆಯನ್ನು ಈಗ ಅವರು ಕೊಟ್ಟರು, ಅದು ಹಾಗೆಯೇ ಸೊಸೈಟಿಗೆ ಹೋಯಿತು. ಬೀಡಿಯ ಗೆರಸೆ ಎರಡಾಯಿತು. ಎರಡನೆಯದು ರಾಮಣ್ಣನ ಮಡಿಲಲ್ಲಿ. ಕಣ್ಣಿಲ್ಲದಿದ್ದರೂ ಬೆರಳಿಗೆ ಕೆಲಸ ಬರುತ್ತದೆಂದು ಯಾರು ಹೇಳಿದರೋ, ಯಾರ ಮೂಲಕ ಹೇಳಿಸಿದರೋ ನನಗೆ ತಿಳಿಯದು. ಅದು ಮಾತ್ರ ನನ್ನ ಮೂಲಕ ಅಲ್ಲ.

ಮೊದಲೇ ಇಳಿಸಿಟ್ಟ ಅಸಲು ಅವರನ್ನು ಕಾಪಾಡಿತು. ವಾಯಿದೆಗೆ ಇನ್ನೂ ಬಹಳ ವರ್ಷ ಇರುವಾಗಲೇ ಸಾಲ ತೀರಿತು. ಪತ್ರ ತಂದ ಮಧ್ಯಾಹ್ನ ಯಮುನಕ್ಕ ನನ್ನನ್ನೂ ಕರೆದರು. ಚಾವಡಿಯಲ್ಲಿ ಕೂತಿದ್ದ ರಾಮಣ್ಣನ ಮಡಿಲಲ್ಲಿ ಅದನ್ನಿಟ್ಟು ಪಾತ್ರೆ ತೊಳೆಯಲು ಹೋದರು. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದರು. ರಾಮಣ್ಣ ಕಾಗದದ ಮೇಲೆ ಬೆರಳಾಡಿಸಿ, ನನ್ನ ಕಡೆ ಅಲ್ಲ, ಪಾತ್ರೆಯ ಸದ್ದಿನ ಕಡೆ ತಿರುಗಿದರು.

"ಇದರಲ್ಲಿ ನಿನ್ನ ಹೆಸರು ಎಲ್ಲಿ ಉಂಟು?"

ಸದ್ದು ನಿಂತಿತು. "ನನ್ನದು ಇಲ್ಲ. ನಿಮ್ಮದು ಮಾತ್ರ."

"ಹಾಗಾದರೆ ನಾಳೆ ರಿಜಿಸ್ಟ್ರಾರರ ಆಫೀಸಿಗೆ ಹೋಗುವಾ. ಬರೆಸುವಾ."

"ಸುಮ್ಮನಿರಿ! ಸ್ಟಾಂಪಿನ ಖರ್ಚು ಎಷ್ಟು ಉಂಟು ಗೊತ್ತುಂಟಾ ನಿಮಗೆ?" ಎಂದು ಯಮುನಕ್ಕ ಒದ್ದೆ ಕೈಯಲ್ಲೇ ಓಡಿ ಬಂದರು. ಇಬ್ಬರೂ ಜಗಳಕ್ಕೆ ನಿಂತರು. ನಾನು ಮೆಲ್ಲಗೆ ಮನೆಗೆ ಬಂದೆ.

ಆ ಬೇಸಗೆಯಲ್ಲೇ ನಮಗೆ ವರ್ಗವಾಯಿತು. ಎಷ್ಟೋ ವರ್ಷಗಳ ಮೇಲೆ ಯಮುನಕ್ಕ ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಅವರು ಹೋಗಿ ಹದಿನೈದು ದಿನ ಕಳೆದಿತ್ತು. ಅವರನ್ನು ನೆನೆದಾಗ ನನಗೆ ಕಾಣುವುದು ಪತ್ರ ಬಂದ ಮರುದಿನದ ಬೆಳಗು. ಜಗಳದಲ್ಲಿ ರಾಮಣ್ಣ ಗೆದ್ದಿರಬೇಕು, ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ರಸ್ತೆಬದಿಯಲ್ಲಿ ನಿಂತಿದ್ದರು. ಪುತ್ತೂರಿನ ಬಸ್ಸು ಬಂದು ನಿಂತಿತು. ರಾಮಣ್ಣನ ಕಾಲು ತಾನಾಗಿ ಬಸ್ಸಿನ ಮುಂಭಾಗವನ್ನು ಸುತ್ತಿ ಡ್ರೈವರನ ಬಾಗಿಲಿನ ಕಡೆ ಹೊರಟಿತು. ಯಮುನಕ್ಕ ಅವರ ಮೊಣಕೈ ಹಿಡಿದು ತಿರುಗಿಸಿದರು.

"ಆಚೆ ಅಲ್ಲ," ಎಂದರು, "ಈಚೆ. ನನ್ನ ಒಟ್ಟಿಗೆ."