ತಳಕಿನ ಅಂಗಳದಲ್ಲಿ ಎರಡು ಹಾಯಿ

ಕಡಲು ನಮ್ಮ ಮನೆಗೆ ಬಂದದ್ದು ಗೂಡ್ಸ್ ಆಟೋದಲ್ಲಿ. ಎರಡು ದೊಡ್ಡ ಗಂಟು, ಒಂದೊಂದರಲ್ಲೂ ಒಂದೊಂದು ದೋಣಿಯ ಹಾಯಿ. ಒಂದು ಹತ್ತಿಬಟ್ಟೆಯದು, ಹಳತಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಅಚ್ಚ ಬಿಳಿ, ಮುಟ್ಟಿದರೆ ಗರಗರ ಅನ್ನುತ್ತಿತ್ತು. ತಂದವರು ಕುದಾಪುರದ ಕಡೆ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸದಲ್ಲಿದ್ದ ಸಾಹೇಬರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಚಳ್ಳಕೆರೆಯಲ್ಲಿ ಲಾರಿ ಟಾರ್ಪಾಲು ಹೊಲಿಯುವ ನನ್ನ ಅಂಗಡಿಯಲ್ಲಿ ಅಷ್ಟಗಲದ ಬಟ್ಟೆ ಹಾಸುವುದಕ್ಕೆ ಜಾಗವಿಲ್ಲ. ಅದಕ್ಕೇ ನಮ್ಮೂರು ತಳಕಿನ ಮನೆಗೆ ತರಿಸಿದ್ದೆ.

ಸಾಹೇಬರಿಗೆ ಕಾರವಾರದ ಹತ್ತಿರದ ಅಳಿವೆಯಲ್ಲಿ ಎರಡು ಹಾಯಿದೋಣಿಗಳಿದ್ದವು. ಚಿಕ್ಕದು ಹದಿನೆಂಟು ಅಡಿಯ ಮರದ ದೋಣಿ, ಪ್ರಾಯದಲ್ಲಿ ಒಬ್ಬ ಬಡಗಿಯ ಜೊತೆ ಕೂತು ತಾವೇ ಕಟ್ಟಿದ್ದು. ದೊಡ್ಡದು ನಲವತ್ತು ಅಡಿಯ ಫೈಬರ್ ದೋಣಿ, ಈಚೆಗೆ ಇಬ್ಬರು ಗೆಳೆಯರೊಂದಿಗೆ ಸೇರಿ ಕೊಂಡದ್ದು. ನಿವೃತ್ತಿಯಾದ ಮೇಲೆ ಕರಾವಳಿಯುದ್ದಕ್ಕೂ ತಿರುಗಾಡುವ ಆಸೆ ಅವರದು. ಎರಡನ್ನೂ ಸಾಕುವುದು ಮಾತ್ರ ಆಗದ ಮಾತು.

“ಹಳೇದನ್ನ ಒಂದು ಹೋಟೆಲಿನವರು ಕೇಳ್ತಿದಾರೆ. ಅಂಗಳದಲ್ಲಿಟ್ಟು ಮಣ್ಣು ತುಂಬಿ ಹೂಗಿಡ ಹಾಕ್ತಾರಂತೆ,” ಎಂದರು ಸಾಹೇಬರು. “ನೀವು ಅದರ ಈ ಹಾಯಿ ಉಳಿಸಿಕೊಟ್ರೆ ಕೊಡಲ್ಲ. ದೊಡ್ಡದನ್ನ ಬಿಟ್ಟು ಅದರಲ್ಲೇ ಹೋಗ್ತೀನಿ.” ಇಷ್ಟು ಹೇಳಿ, ಜಗಲಿಯ ಕಂಬ ಹಿಡಿದು ಮೆಲ್ಲಗೆ ಎದ್ದರು.

ನನಗೆ ಸಿಟ್ಟೇ ಬಂತು. ಕಡಲನ್ನೇ ಕಾಣದವನ ಸೂಜಿಯ ಮೇಲೆ ಒಂದು ದೋಣಿಯ ಜೀವ ಹೊರಿಸುವುದೇ? ಆದರೂ ಬಿಚ್ಚಿ ಹಾಸಿದೆ. ಮಧ್ಯಾಹ್ನದ ಗಾಳಿಗೆ ಎರಡೂ ಅಂಗಳದಲ್ಲಿ ಮಲಗಿ ಉಸಿರಾಡುತ್ತಿದ್ದವು. ದೊಡ್ಡದು ಕೊಟ್ಟಿಗೆ ದಾಟಿ ಹುಣಸೆಮರದವರೆಗೂ ಹೋಗಿತ್ತು; ಅದರಲ್ಲಿ ಒಂದೇ ಒಂದು ಹೊಲಿಗೆ ಬಿಟ್ಟಿತ್ತು. ಚಿಕ್ಕದರ ತುಂಬ ತೇಪೆ, ತೇಪೆಯ ಮೇಲೊಂದು ತೇಪೆ.

ಅವ್ವ ದೇವಸಮುದ್ರದ ಕಂಬಳಿ ನೇಯುವವರ ಮನೆಯ ಹೆಣ್ಣು. ಕಣ್ಣು ಮಂಜಾದ ಮೇಲೆ ಅವಳಿಗೆ ಕೈಯೇ ಕಣ್ಣು. ಬಿಳಿಯದನ್ನು ಮುಟ್ಟಿ, “ಇದು ಗಟ್ಟಿ ಐತೆ, ಇದರ ಗೊಡವೆ ಬ್ಯಾಡ,” ಎಂದಳು. ಹಳೆಯದರ ಮೇಲೆ ಬಹಳ ಹೊತ್ತು ಕೈಯಾಡಿಸಿದಳು. “ಇದು ಸೋತೈತಪ್ಪ. ಗಂಜಿ ಕುಡಿಸಿದ್ರೆ ಎದ್ದು ನಿಲ್ತೈತೆ.”

ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದರೆ ಅದು ಹಲಗೆಯಂತೆ ಬಿಗಿಯುತ್ತದೆ, ಮಳೆಹನಿ ಜಾರಿ ಹೋಗುತ್ತದೆ. ನನಗೂ ಸರಿ ಅನ್ನಿಸಿತು. ಹೊಲಿಗೆ ಮುಗಿಸಿ, ಇಬ್ಬರೂ ಸೇರಿ ಗಂಜಿ ಬಳಿದು, ಒಣಗಲು ಬಿಟ್ಟು ಚಹಾ ಕುಡಿಯಲು ಒಳಗೆ ಹೋದೆವು. ಅಷ್ಟರಲ್ಲಿ ಮೇವಿಗೆ ಹೋಗಿದ್ದ ನಮ್ಮ ಕುರಿಗಳು ಮನೆಗೆ ಬಂದಿದ್ದವು.

ಎಷ್ಟೋ ವರ್ಷದ ಕಡಲ ಉಪ್ಪು ಆ ಬಟ್ಟೆಯಲ್ಲಿತ್ತು. ಅದರ ಮೇಲೆ ಗಂಜಿ ಬೇರೆ. ಕುರಿಗಳಿಗೆ ಹಬ್ಬವೇ ಆಯಿತು. ನಾನು ಕೂಗಾಡಿ ಓಡಿಸುವ ಹೊತ್ತಿಗೆ ಒಂದು ಮೂಲೆ ಅವುಗಳ ಹೊಟ್ಟೆ ಸೇರಿತ್ತು. ಸಾಹೇಬರು ತೊಳೆಸಿ ತಂದಿದ್ದ ಹೊಸ ಹಾಯಿಯನ್ನು ಒಂದೂ ಮೂಸಿರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ತಿಂದದ್ದು ಕುರಿ, ನೀರು ಕುಡಿಯಬೇಕಾದವನು ನಾನು.

ಅಷ್ಟು ದಪ್ಪದ ಹತ್ತಿಬಟ್ಟೆ ಚಳ್ಳಕೆರೆಯಲ್ಲೆಲ್ಲೂ ಸಿಗಲಿಲ್ಲ. ಅವ್ವ ತನ್ನ ಪೆಟ್ಟಿಗೆಯಿಂದ ತಾನೇ ನೇಯ್ದ ಕರಿಕಂಬಳಿಯ ತುಂಡು ತೆಗೆದುಕೊಟ್ಟಳು. ಅದನ್ನೇ ಮೂಲೆಗೆ ಹೊಲಿದೆ. ಸಾಹೇಬರಿಗೆ ನಡೆದದ್ದನ್ನು ಹೇಳುವಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕು, “ನೀವೇ ಕಾರವಾರಕ್ಕೆ ಬನ್ನಿ, ಎರಡನ್ನೂ ಏರಿಸಿ ನೋಡೋಣ,” ಎಂದರು.

ಹಾಗೆ ನಾನು ಕಡಲು ಕಂಡೆ. ಬೆಳಿಗ್ಗೆ ದೊಡ್ಡ ದೋಣಿ. ಅದರಲ್ಲಿ ಒಲೆ, ಫ್ರಿಜ್ಜು, ನಮ್ಮ ಮನೆಯ ಮಂಚಕ್ಕಿಂತ ಮೆತ್ತನೆಯ ಹಾಸಿಗೆ. ಸಾಹೇಬರು ಗುಂಡಿ ಒತ್ತಿದರೆ ಹಾಯಿ ತಾನಾಗಿ ಏರಿತು. ದೂರದ ಪ್ರಯಾಣದ ಸುಸ್ತಿಗೆ ನಾನು ಅಲ್ಲೇ ನಿದ್ದೆಹೋದೆ; ಕನಸಿನಲ್ಲಿ ಕುದಾಪುರದ ಹುಲ್ಲುಗಾವಲು ನೀಲಿಯಾಗಿ ಅಲೆಯಲೆಯಾಗಿ ಹೋಗುತ್ತಿತ್ತು. ಎದ್ದಾಗ ಕನಸು ಯಾವುದು, ಕಡಲು ಯಾವುದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಚಿಕ್ಕದು. ನಮ್ಮಿಬ್ಬರ ಮೊಣಕಾಲು ತಾಗುವಷ್ಟೇ ಜಾಗ. ಕೈ ಚಾಚಿದರೆ ನೀರು. ಗಂಜಿಯೆಲ್ಲ ಕರಗಿ ಲೋಳೆಯಾಗಿ ನನ್ನ ಅಂಗಿಗೆ ಇಳಿಯಿತು. ಆದರೂ ಹಾಯಿ ಎದೆಯುಬ್ಬಿಸಿ ನಿಂತಿತು, ಮೂಲೆಯಲ್ಲಿ ಅವ್ವನ ಕಂಬಳಿ ಕಪ್ಪಗೆ ಬಿಗಿದುಕೊಂಡಿತ್ತು. ನನಗೆ ಕೂಗಬೇಕೆನಿಸುವಷ್ಟು ಸಂತೋಷವಾಯಿತು.

ಈ ದೋಣಿಯಲ್ಲಿ ಒಂದು ಕಷ್ಟವಿತ್ತು. ದಿಕ್ಕು ಬದಲಿಸಿದಾಗಲೆಲ್ಲ ಹಾಯಿಯ ಕೆಳಗಿನ ಅಡ್ಡಮರ ತಲೆಯ ಮೇಲೆ ಬೀಸಿ ಬರುತ್ತದೆ. ಆಗ ತಲೆ ತಗ್ಗಿಸಿ, ಮೊಣಕಾಲೂರಿ, ಆಚೆ ಬದಿಗೆ ದಾಟಬೇಕು. ಸಾಹೇಬರು ಮೂರು ಸಲ ದಾಟಿದರು. ನಾಲ್ಕನೆಯ ಸಲ ಮೊಣಕಾಲು ಮಡಚಲಿಲ್ಲ. ಮರ ಭುಜಕ್ಕೆ ಬಡಿಯಿತು. ಅವರು ಏನೂ ಆಗದವರಂತೆ ನಕ್ಕರು; ಮುಖ ಮಾತ್ರ ಬಿಳಿಚಿತ್ತು.

ದಡಕ್ಕೆ ಕಟ್ಟಿದ ಮೇಲೆ ಕೇಳಿದರು: “ಹೇಳಿ, ಹಾಯಿ ತಡೆಯುತ್ತಾ?”

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ಬಾಯಿ ಸುಮ್ಮನಿರುವುದಿಲ್ಲ. “ಹಾಯಿ ತಡೀತೈತೆ ಸಾರ್. ನಿಮ್ಮ ಮೊಣಕಾಲು ತಡಿಯಲ್ಲ. ಒಬ್ಬರೇ ಇದರಾಗೆ ಹೋಗಬ್ಯಾಡ್ರಿ.”

ಅವರು ದೋಣಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೂ ಸವರಿದರು. ಆಮೇಲೆ ಹಾಯಿಯನ್ನು ತಾವೇ ಇಳಿಸಿ, ಮಡಚಿ, ನನ್ನ ಕೈಗೆ ಕೊಟ್ಟರು. “ಇದರಲ್ಲಿ ನಿಮ್ಮವ್ವನ ಕಂಬಳಿ ಇದೆ. ತಗೊಂಡು ಹೋಗಿ.”

ಚಿಕ್ಕ ದೋಣಿ ಹೋಟೆಲಿಗೆ ಹೋಯಿತು. ಹಾಯಿ ನಮ್ಮ ಅಂಗಳದಲ್ಲಿ, ಹುಣಸೆಮರಕ್ಕೂ ಕೊಟ್ಟಿಗೆಗೂ ನಡುವೆ ನೆರಳಾಗಿ ನಿಂತಿದೆ. ಕುರಿಗಳಿಗೆ ಎಟುಕದ ಎತ್ತರದಲ್ಲಿ ಕಟ್ಟಿದ್ದೇನೆ. ದೊಡ್ಡ ದೋಣಿಯ ತಿರುಗಾಟದಿಂದ ಬಿಡುವಾದಾಗ ಸಾಹೇಬರು ಇಲ್ಲಿಗೂ ಬರುತ್ತಾರೆ. ಬೆಲ್ಲದ ಬಣ್ಣದ ಆ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಅವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತ ಕಣ್ಣು ಮುಚ್ಚುತ್ತಾರೆ. ನಾನು ಹೇಳಿದ್ದು ಸರಿಯೆಂದು ನನಗೆ ಗೊತ್ತು. ಆದರೂ ಹೇಳಬಾರದಿತ್ತೇನೋ ಅನ್ನಿಸುತ್ತದೆ.

ಹುಲ್ಲುಗಾವಲಿನ ಕಡೆಯಿಂದ ಗಾಳಿ ಬಂದು ಹಾಯಿ ಪಟಪಟನೆ ತಿರುಗಿ ಉಬ್ಬುತ್ತದೆ. ಅದಕ್ಕೀಗ ಅಡ್ಡಮರವಿಲ್ಲ. ಸಾಹೇಬರು ಮಾತ್ರ ಕೂತಲ್ಲೇ, ಕಣ್ಣು ಮುಚ್ಚಿಕೊಂಡೇ, ತಲೆ ತಗ್ಗಿಸುತ್ತಾರೆ.